ಮಕ್ಕಳ ಮೇಲೆ ದಿನಾ ಕಾರ್ಣಿಕ ನುಡಿಯುವುದನ್ನು ನಿಲ್ಲಿಸಿ

ಮೈಲಾರದ ಗೊರವಯ್ಯ ಕಾರ್ಣಿಕ ನುಡಿಯುವುದು ವರ್ಷಕ್ಕೆ ಒಂದೇ ಸಲ. ಅದಕ್ಕೂ ಮುಂಚೆ ಹನ್ನೊಂದು ದಿನ ಉಪವಾಸ ಇರುತ್ತಾನೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಂತಿರುವಾಗ ಬಿಲ್ಲೇರಿ, ಒಂದೇ ಒಂದು ಸಾಲು ನುಡಿದು, ‘ಪರಾಕ್’ ಎಂದು ಮೇಲಿಂದ ಬೀಳುತ್ತಾನೆ. ಆ ಸಾಲಿಗೆ ಮಳೆ ಅಂತಲೋ, ಬೆಳೆ ಅಂತಲೋ, ರಾಜಕೀಯ ಅಂತಲೋ ಅರ್ಥ ಹಚ್ಚುವುದು ಜನರಿಗೆ ಬಿಟ್ಟಿದ್ದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಶಾಲೆ ಅಂಗಳದಲ್ಲಿ ಮಾತ್ರ ಕಾರ್ಣಿಕ ದಿನಾ ನಡೆಯುತ್ತದೆ. ಉಪವಾಸವೂ ಬೇಡ, ಬಿಲ್ಲೂ ಬೇಡ. ‘ಇವ್ನು ಉದ್ಧಾರ ಆಗಲ್ಲ ಬಿಡ್ರಿ.’ ‘ಇವ್ಳಿಗೆ ಓದಿದ್ದು ಸಾಕು, ಲಗ್ನ ಮಾಡಿಬಿಡ್ರಿ.’ ‘ತಾಂಡಾದ ಮಕ್ಕಳು, ದೀಪಾವಳಿ ಆತಂದ್ರ ಗುಳೆ ಹೊಕ್ಕಾವು, ಇವಕ್ಕೇನ್ ಹೇಳಿಕೊಡ್ತೀರಿ.’ ಇದರಲ್ಲಿ ಅರ್ಥ ಹಚ್ಚುವ ಕಷ್ಟವೇ ಇಲ್ಲ. ಆರನೇ ತರಗತಿಯ ಹುಡುಗನಿಗೂ ನೇರವಾಗಿ ಅರ್ಥವಾಗುತ್ತದೆ. ಮೈಲಾರದ ಕಾರ್ಣಿಕ ನಿಜವಾಗುತ್ತದೋ ಇಲ್ಲವೋ ಎಂದು ಜನ ವರ್ಷಪೂರ್ತಿ ಚರ್ಚೆ ಮಾಡುತ್ತಾರೆ. ಶಾಲೆಯ ಕಾರ್ಣಿಕ ಮಾತ್ರ ಬಹಳ ಸಲ ನಿಜವಾಗಿಬಿಡುತ್ತದೆ. ನುಡಿದವರಿಗೆ ದೈವಬಲ ಇದೆ ಎಂದಲ್ಲ. ನುಡಿದ ಮೇಲೆ ಆ ಹುಡುಗನಿಗೆ ಯಾರೂ ಏನೂ ಕಲಿಸುವುದಿಲ್ಲ, ಅದಕ್ಕೆ.

ಸಿಟ್ಟು ಯಾಕೆ ಬಂತು ಅಂತ ಹೇಳುತ್ತೇನೆ. ಪಿಯುಸಿ ಫಲಿತಾಂಶ ಬಂದ ದಿನ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳನ್ನು ನೋಡಿದವರಿಗೆ ಗೊತ್ತು. ಕಲಾ ವಿಭಾಗದಲ್ಲಿ ಕೊಟ್ಟೂರಿನ ಇಂದು ಕಾಲೇಜು ರಾಜ್ಯಕ್ಕೆ ಮೊದಲು ಅನ್ನುವುದು ಈಗ ಸುದ್ದಿಯೇ ಅಲ್ಲ, ಬಾರದಿದ್ದರೆ ಸುದ್ದಿ. 2018ರಲ್ಲಿ 600ಕ್ಕೆ 595. 2019ರಲ್ಲಿ 594, ಆ ಹುಡುಗಿಯ ಅಪ್ಪನದು ಪಂಕ್ಚರ್ ಅಂಗಡಿ. 2025ರಲ್ಲಿ 597. ಪೇಡೆ ತಿನ್ನಿಸುವ ಫೋಟೊ, ಶಾಲು, ಹಾರ, ಶಾಸಕರ ಪಕ್ಕದಲ್ಲಿ ನಿಂತ ಫೋಟೊ. ಕೆಳಗೆ ಎಲ್ಲರೂ ಬರೆಯುವುದು ಒಂದೇ ಮಾತು: ‘ಮನಸ್ಸಿದ್ದರೆ ಮಾರ್ಗ. ಬಡತನ ಅಡ್ಡಿ ಅಲ್ಲ ಎಂದು ತೋರಿಸಿದಳು.’

ಆ ಹುಡುಗಿಯರ ಬಗ್ಗೆ, ಅವರಿಗೆ ಕಲಿಸಿದವರ ಬಗ್ಗೆ ತಕರಾರಿಲ್ಲ. ಈ ಒಕ್ಕಣೆಯ ಬಗ್ಗೆ ಇದೆ. ಬಡತನ ಅಡ್ಡಿ ಅಲ್ಲ ಎಂದು ಬರೆದವರು ಅದೇ ಹೊತ್ತಿನಲ್ಲಿ, ಪಾಸಾಗದ ಪಕ್ಕದ ಮನೆ ಹುಡುಗನಿಗೆ ‘ನಿನಗೇ ಮನಸ್ಸಿರಲಿಲ್ಲ’ ಎಂದೂ ಬರೆಯುತ್ತಿದ್ದಾರೆ. ಒಬ್ಬಳ ಯಶಸ್ಸನ್ನು ತೋರಿಸಿ ಉಳಿದ ನೂರು ಜನರ ಸೋಲನ್ನು ಅವರ ತಲೆಗೇ ಕಟ್ಟುವ ಉಪಾಯ ಇದು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 91 ಮಕ್ಕಳು ಪಾಸಾದರು, ಕಲಬುರಗಿಯಲ್ಲಿ 42. ಮಂಗಳೂರಿನ ಮಕ್ಕಳಿಗೆ ಎರಡು ಪಟ್ಟು ಮನಸ್ಸಿದೆ ಎಂದು ಯಾರಾದರೂ ಹೇಳುತ್ತಾರೇನು?

ಕೊಟ್ಟೂರಿನ ಕಥೆಯಲ್ಲಿ ನಮ್ಮವರು ಓದಬೇಕಿದ್ದ ಪಾಠ ಬೇರೆ ಇತ್ತು. ಕಲಾ ವಿಭಾಗ ಅಂದರೆ ನಮ್ಮಲ್ಲಿ ಏನು ಭಾವನೆ? ಸೈನ್ಸಿಗೆ ಸೀಟು ಸಿಗದವರು, ಕಾಮರ್ಸಿಗೆ ಫೀಸು ಕಟ್ಟಲಾಗದವರು, ಇಂಗ್ಲಿಷು ಬರದವರು ಸೇರುವ ಕಡೆ. ಅಂಥ ಕಡೆಯಿಂದಲೇ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹಳ್ಳಿ ಮಕ್ಕಳಿಂದಲೇ ರಾಜ್ಯಕ್ಕೆ ಮೊದಲನೆಯವರನ್ನು ತೆಗೆಯಬಹುದು ಎಂದು ಒಂದು ಕಾಲಕ್ಕೆ ಯಾರೋ ದೊಡ್ಡವರು ನಂಬಿರಬೇಕು. ಮಕ್ಕಳು ನಂಬುವ ಮುಂಚೆ ಅವರು ನಂಬಿರಬೇಕು. ರ‍್ಯಾಂಕು ಆಮೇಲಿನದು. ಇದೇ ಕೊಟ್ಟೂರಿನ ಕುಂವೀ, ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿ ದುಡಿದವರು, ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ಗಾಂಧಿ ಕ್ಲಾಸು’. ಥರ್ಡ್ ಕ್ಲಾಸಿಗೆ ಜನ ಇಟ್ಟ ಅಡ್ಡಹೆಸರು ಅದು. ಗಾಂಧಿ ಕ್ಲಾಸಿನವರಿಗೆ ಹಾರ ಹಾಕುವ ಪದ್ಧತಿ ನಮ್ಮಲ್ಲಿ ಇಲ್ಲ. ಅವರು ಮುಂದೆ ದೊಡ್ಡ ಲೇಖಕರಾದರೆ ಮಾತ್ರ, ನಲವತ್ತು ವರ್ಷ ತಡವಾಗಿ, ಹಾಕುತ್ತೇವೆ.

ಈಗ ಅಸಲಿ ವಿಷಯಕ್ಕೆ ಬರೋಣ. ಹವಾಯಿ ದ್ವೀಪಗಳಲ್ಲಿ ಕವಾಯಿ ಎಂಬ ಒಂದು ದ್ವೀಪ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವೆರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜತೆಗಾರರು ನಲವತ್ತು ವರ್ಷ ತುಂಬುವ ತನಕ ಹಿಂಬಾಲಿಸಿ ನೋಡಿದರು. ಬಡತನ, ಕುಡಿತ, ಜಗಳ, ಕಾಯಿಲೆ ಎಲ್ಲ ಒಟ್ಟಿಗೇ ಮೇಲೆ ಬಿದ್ದ ಮಕ್ಕಳು ಅದರಲ್ಲಿ ಸುಮಾರು ಮೂರನೇ ಒಂದು ಪಾಲು. ಕಾರ್ಣಿಕ ನುಡಿಯುವವರಾಗಿದ್ದರೆ ಇವರೆಲ್ಲರ ಮೇಲೂ ಒಂದೇ ಸಾಲು ನುಡಿದುಬಿಡುತ್ತಿದ್ದರು. ಆದರೆ ಅವರಲ್ಲೂ ಮೂವರಿಗೊಬ್ಬರು ಗಟ್ಟಿಯಾದ, ನೆಟ್ಟಗೆ ಬದುಕುವ, ಬೇರೆಯವರ ಬಗ್ಗೆ ಕಾಳಜಿ ಇರುವ ಮನುಷ್ಯರಾಗಿ ಬೆಳೆದರು. ಇವರಲ್ಲಿ ಮತ್ತೆ ಮತ್ತೆ ಕಂಡ ಸಂಗತಿಗಳಲ್ಲಿ ಒಂದು ಏನೆಂದರೆ, ಅವರನ್ನು ಕೈಬಿಡದ ಒಬ್ಬರಾದರೂ ದೊಡ್ಡವರು ಇದ್ದರು. ಅಪ್ಪ ಅಮ್ಮನೇ ಆಗಬೇಕಿರಲಿಲ್ಲ. ಅಜ್ಜಿ, ಚಿಕ್ಕಮ್ಮ, ಮೇಷ್ಟ್ರು, ನೆರೆಮನೆಯವರು, ಯಾರಾದರೂ ಸರಿ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2021ರ ನವೆಂಬರಿನಲ್ಲಿ ರಾಷ್ಟ್ರಪತಿಗೇ ದೃಷ್ಟಿ ತೆಗೆದು ಪದ್ಮಶ್ರೀ ತೆಗೆದುಕೊಂಡ ಮಂಜಮ್ಮ ಜೋಗತಿಯ ವಿಡಿಯೊ ನೀವೆಲ್ಲ ನೋಡಿದ್ದೀರಿ. ಬಳ್ಳಾರಿ ಸೀಮೆಯ ಕಲ್ಲುಕಂಬದ ಮಗು. ಗಂಡಾಗಿ ಹುಟ್ಟಿ ಹೆಣ್ಣಿನ ನಡೆ ನಡೆದದ್ದಕ್ಕೆ ಮನೆಯಿಂದ ದೂರವಾಗಿ, ಸೀರೆಯುಟ್ಟು ಭಿಕ್ಷೆ ಬೇಡಿದ ಮಗು. ಓದಿದ್ದು ಹತ್ತನೇ ತರಗತಿಯ ತನಕ. ಆ ದಿನಗಳಲ್ಲಿ ಮಂಜಮ್ಮನ ಮೇಲೆ ಊರು ನುಡಿದ ಕಾರ್ಣಿಕ ಏನಿದ್ದೀತು, ಊಹಿಸಿಕೊಳ್ಳಿ. ದಾವಣಗೆರೆಯ ಬಸ್ ನಿಲ್ದಾಣದ ಹತ್ತಿರ ಜೋಗತಿ ಕುಣಿತ ಮಾಡುತ್ತಿದ್ದ ಅಪ್ಪ-ಮಗ ಮಂಜಮ್ಮನಿಗೆ ಹೆಜ್ಜೆ ಕಲಿಸಿದರು. ಆಮೇಲೆ ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿ ತಮ್ಮ ಮೇಳಕ್ಕೆ ಸೇರಿಸಿಕೊಂಡರು. ಕಾಳವ್ವನಿಗೆ ಸರ್ಕಾರದ ಆದೇಶ ಇರಲಿಲ್ಲ, ತರಬೇತಿ ಭತ್ಯೆ ಇರಲಿಲ್ಲ, ಮಕ್ಕಳ ಮನೋವಿಜ್ಞಾನ ಗೊತ್ತಿರಲಿಲ್ಲ. ‘ಬಾ, ಇಲ್ಲಿರು, ಇದನ್ನು ಕಲಿ’ ಎನ್ನುವಷ್ಟು ಗೊತ್ತಿತ್ತು. 2019ರಲ್ಲಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ನಾವು ಹಾರ ಹಾಕಿದ್ದು ಮಂಜಮ್ಮನಿಗೆ. ಕಾಳವ್ವನ ಹೆಸರು ಹೇಳಿ ಅಂದರೆ ಹಗರಿಬೊಮ್ಮನಹಳ್ಳಿಯಲ್ಲೇ ಎಷ್ಟು ಜನ ಹೇಳುತ್ತಾರೆ?

ಹಾಗಾದರೆ ನಮ್ಮ ಮಕ್ಕಳಿಗೆ ಕೈಬಿಡದ ದೊಡ್ಡವರು ಎಲ್ಲಿಂದ ಬರಬೇಕು? ಅಪ್ಪ ಅಮ್ಮ ಮಲೆನಾಡಿನ ಕಾಫಿ ತೋಟದಲ್ಲೋ, ಮಂಡ್ಯದ ಕಡೆ ಕಬ್ಬಿನ ಗದ್ದೆಯಲ್ಲೋ, ಬೆಂಗಳೂರಿನ ಕಟ್ಟಡದ ಕೆಲಸದಲ್ಲೋ ಇರುತ್ತಾರೆ. ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿ. ಉಳಿಯುವುದು ಶಾಲೆ, ಅಂಗನವಾಡಿ, ಪಂಚಾಯಿತಿ. ಅಲ್ಲಿ ಏನು ಮಾಡಿಟ್ಟಿದ್ದೇವೆ ನೋಡಿ.

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ವಾಪಸು ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಇಪ್ಪತ್ನಾಲ್ಕು ವರ್ಷದಲ್ಲಿ ಮೂರು ಸಲ ಜಿಲ್ಲೆ ಬದಲು, ಎಷ್ಟು ಹೋರಾಟ, ಎಷ್ಟು ಬಂದ್. ಅದೇ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಮಗುವಿಗೆ ಗಣಿತದ ಮೇಷ್ಟ್ರು ಮೂರೇ ವರ್ಷದಲ್ಲಿ ಮೂರು ಸಲ ಬದಲಾದರೂ ಒಂದು ಟೈರಿಗೂ ಬೆಂಕಿ ಬೀಳುವುದಿಲ್ಲ. ಅತಿಥಿ ಶಿಕ್ಷಕ ಅನ್ನುವ ಹೆಸರೇ ಹೇಳುತ್ತದಲ್ಲ, ಅತಿಥಿ! ಬಂದು ಉಂಡು ಹೋಗುವವನು. ರಾಜ್ಯದಲ್ಲಿ ವರ್ಷವರ್ಷ ನಲವತ್ತು ಸಾವಿರಕ್ಕೂ ಹೆಚ್ಚು ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತಾರೆ. ಅವರಿಗೆ ತಿಂಗಳಿಗೆ ಹತ್ತು ಸಾವಿರ ಇದ್ದ ಗೌರವಧನ 2025ರ ಬಜೆಟ್ಟಿನಲ್ಲಿ ಎರಡು ಸಾವಿರ ಹೆಚ್ಚಾಯಿತು. ಶಾಲೆಗೆ ಬೇಸಿಗೆ ರಜೆ ಬಿದ್ದರೆ ಅದೂ ಇಲ್ಲ. ಮುಂದಿನ ವರ್ಷ ಅದೇ ಶಾಲೆ ಅನ್ನುವ ಖಾತ್ರಿಯೂ ಇಲ್ಲ. ಇಂಥ ಸ್ಥಿತಿಯಲ್ಲೂ ಮಕ್ಕಳ ಹೆಸರು, ಮನೆ, ಕಷ್ಟ ಎಲ್ಲ ತಿಳಿದುಕೊಂಡು ಪಾಠ ಮಾಡುವ ಹುಡುಗರು ಹುಡುಗಿಯರು ನಮ್ಮ ಐದೂ ತಾಲ್ಲೂಕಿನಲ್ಲಿದ್ದಾರೆ. ಮಗುವಿಗೆ ಅವರ ಪರಿಚಯವಾಗಿ ಸಲುಗೆ ಬರುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಸಂಬಂಧವನ್ನು ಹತ್ತು ತಿಂಗಳ ಗುತ್ತಿಗೆಗೆ ಕೊಟ್ಟಿದ್ದೇವೆ.

ಕಾಯಂ ಶಿಕ್ಷಕರ ಕಥೆ? ಗಣತಿ, ಚುನಾವಣೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಮೊಟ್ಟೆ ಲೆಕ್ಕ, ಆ್ಯಪಿಗೆ ಫೋಟೊ ಹಾಕುವುದು. 2025ರ ದಸರೆಯಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆಂದು ಶಿಕ್ಷಕರನ್ನು ಮನೆಮನೆಗೆ ಕಳಿಸಿ, ಶಾಲೆಯ ರಜೆಯನ್ನೇ ಅಕ್ಟೋಬರ್ 18ರ ತನಕ ಮುಂದುವರಿಸಿದರು. ಸಮೀಕ್ಷೆ ಬೇಡ ಎಂದು ನಾನು ಹೇಳುವುದಿಲ್ಲ. ಹಿಂದುಳಿದವರ ಲೆಕ್ಕ ಸಿಗಬೇಕು. ಆದರೆ ಆ ಲೆಕ್ಕದ ಬೆಲೆಯನ್ನು ಹಿಂದುಳಿದ ತಾಲ್ಲೂಕಿನ ಮಗುವೇ ತನ್ನ ತರಗತಿ ಕಳೆದುಕೊಂಡು ಕಟ್ಟಬೇಕೇ? ಖಾಸಗಿ ಶಾಲೆಯವರು ಅಷ್ಟರಲ್ಲಿ ಪಾಠ ಮುಗಿಸುತ್ತಾರೆ.

ಹತ್ತನೇ ತರಗತಿಗೆ ಬಂದಾಗ ಮಾತ್ರ ಇದ್ದಕ್ಕಿದ್ದಂತೆ ಎಲ್ಲರಿಗೂ ಮಗುವಿನ ಮೇಲೆ ಪ್ರೀತಿ ಉಕ್ಕುತ್ತದೆ. ಡಿಸೆಂಬರ್ ಬಂದರೆ ‘ದತ್ತು’ ಶುರು. ಒಬ್ಬೊಬ್ಬ ಶಿಕ್ಷಕರಿಗೆ ಇಷ್ಟಿಷ್ಟು ಮಕ್ಕಳು. ಬೆಳಗಿನ ಜಾವ ಐದಕ್ಕೆ ಫೋನ್ ಮಾಡಿ ಎಬ್ಬಿಸುವುದು, ರಾತ್ರಿ ಮನೆಗೆ ಹೋಗಿ ಓದುತ್ತಿದ್ದಾನೋ ಇಲ್ಲವೋ ನೋಡುವುದು. ಒಳ್ಳೆಯದೇ. ಎಷ್ಟೋ ಮಕ್ಕಳು ಅದರಿಂದ ದಡ ಸೇರಿದ್ದಾರೆ. ಆದರೆ ದತ್ತು ಅಂದರೆ ಏನು ಅಂತ ಮನೆಯಲ್ಲಿ ಹಿರಿಯರನ್ನು ಕೇಳಿ. ನಾಲ್ಕು ತಿಂಗಳಿಗೆ ದತ್ತು ತೆಗೆದುಕೊಂಡು ಪರೀಕ್ಷೆ ಮುಗಿದ ಸಂಜೆ ವಾಪಸು ಬಿಡುವುದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ, ಜೀತಕ್ಕೆ ಇಟ್ಟುಕೊಳ್ಳುವುದು ಅಂತ. ಮಗುವಿಗೂ ಗೊತ್ತಾಗುತ್ತದೆ, ಈ ಫೋನು ನನಗಲ್ಲ, ನಮ್ಮ ಶಾಲೆಯ ಪರ್ಸೆಂಟೇಜಿಗೆ ಅಂತ. ಅದೇ ಫೋನು ಐದನೇ ತರಗತಿಯಲ್ಲಿ, ಅವನು ವಾರವಿಡೀ ಶಾಲೆಗೆ ಬಾರದಿದ್ದಾಗ, ಒಂದೇ ಒಂದು ಸಲ ಬಂದಿದ್ದರೆ ಸಾಕಿತ್ತು.

ನಾನು ಓದಿದ ಹೈಸ್ಕೂಲಿನಲ್ಲಿ ಕಿಟಕಿ ಕಡೆಯ ಎರಡು ಬೆಂಚಿಗೆ ಒಂದು ಹೆಸರಿತ್ತು, ‘ಗೌರ್ಮೆಂಟು ಬೆಂಚು’. ಅಲ್ಲಿ ಕೂತವರಿಗೆ ಪ್ರಶ್ನೆ ಕೇಳುತ್ತಿರಲಿಲ್ಲ, ಹೋಂವರ್ಕ್ ನೋಡುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಬೈಯದೇ ಇರುವುದು ಬೈಯುವುದಕ್ಕಿಂತ ಕೆಟ್ಟದ್ದು ಎಂದು ಅಲ್ಲಿ ಕೂತವರು ಹೇಳುತ್ತಾರೆ. ಈಗ ಆ ಬೆಂಚಿಗೆ ಇಲಾಖೆಯ ಭಾಷೆಯಲ್ಲಿ ಮರ್ಯಾದೆಯ ಹೆಸರು ಬಂದಿದೆ, ‘ನಿಧಾನ ಕಲಿಕೆಯ ಮಕ್ಕಳು’. ಯಾರು ನಿಧಾನ? ದೀಪಾವಳಿಗೆ ಹೋಗಿ ಯುಗಾದಿಗೆ ಬಂದ ಮಗು ನಿಧಾನವಾಗಿ ಕಲಿಯುತ್ತಿಲ್ಲ. ಅದಕ್ಕೆ ಕಲಿಸಿಯೇ ಇಲ್ಲ.

ಇನ್ನು ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಕಡೆಯ ಒಂದು ಮಾತು ಬರೆಯದೆ ಮುಂದೆ ಹೋಗಲಾಗದು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 1982ರಲ್ಲಿ. ಆ ತಾಯಂದಿರ ಮಕ್ಕಳು, ಮೊಮ್ಮಕ್ಕಳು ಇವತ್ತೂ ಶಾಲೆಗೆ ಸೇರುವಾಗ ತಂದೆಯ ಹೆಸರಿನ ಕಾಲಮ್ಮಿನ ಮುಂದೆ ನಿಲ್ಲುತ್ತಾರೆ. ‘ಅಪ್ಪನ ಹೆಸರೇನಲೇ?’ ಇಡೀ ತರಗತಿ ತಿರುಗಿ ನೋಡುತ್ತದೆ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆಯಲ್ಲಿ ಈ ಮಕ್ಕಳಿಗೆ ತಂದೆಯ ಹೆಸರು ಕಡ್ಡಾಯವಲ್ಲ ಎನ್ನುವ ಅಂಶ ಬಂದಿದೆ. ಇದಕ್ಕಾಗಿ ಆ ತಾಯಂದಿರೂ ಮಕ್ಕಳೂ ವರ್ಷಗಟ್ಟಲೆ ಬೀದಿಯಲ್ಲಿ ಕೂತಿದ್ದರು. ಹೊಸಪೇಟೆಯ ಸಖಿ ಟ್ರಸ್ಟಿನಂಥವರು ಇಂಥ ಮನೆಗಳ ಹೆಣ್ಣುಮಕ್ಕಳನ್ನು ಕಾಲೇಜಿನ ಮೆಟ್ಟಿಲು ಹತ್ತಿಸಿದ್ದಾರೆ. ಕಾನೂನು ಬಂತು, ಸರಿ. ಆದರೆ ಜೋರಾಗಿ ಕೇಳುವ ಆ ಬಾಯಿಗೆ ಕಾನೂನು ಮುಟ್ಟುವುದು ಯಾವಾಗ? ಅರ್ಜಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, ತಾಯಿಯ ಹೆಸರು ಬರೆದು, ‘ಹೋಗವ್ವ, ಒಳಗ ಕೂತ್ಕೊ’ ಅನ್ನುವ ಒಬ್ಬ ಹೆಡ್ಮಾಸ್ತರು ಒಂದು ನಿಮಿಷದಲ್ಲಿ ಮಾಡಬಹುದಾದ ಕೆಲಸ ಅದು.

‘ಎಲ್ಲ ಮೇಷ್ಟ್ರ ಮೇಲೆ ಹಾಕಬೇಡಿ, ಮನೆಯಲ್ಲಿ ಸಂಸ್ಕಾರ ಇಲ್ಲ’ ಎನ್ನುವವರಿದ್ದಾರೆ. ಅವರಿಗೆ ನಮ್ಮ ಬಿಸಿಯೂಟದ ಅಡುಗೆ ಮನೆ ತೋರಿಸಬೇಕು. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ಬಳ್ಳಾರಿಯೂ ಸೇರಿದ ಏಳು ಜಿಲ್ಲೆಗಳಲ್ಲಿ. ಆವತ್ತಿನಿಂದ ಒಲೆ ಮುಂದೆ ಕೂತ ಅವ್ವಂದಿರು ಇನ್ನೂ ಇದ್ದಾರೆ. ತಿಂಗಳಿಗೆ ಐದು ಸಾವಿರವೂ ಮುಟ್ಟದ ಗೌರವಧನ. ಆದರೆ ಯಾವ ಮಗು ಸೋಮವಾರ ಎರಡನೇ ಸಲ ಬಡಿಸಿಕೊಳ್ಳುತ್ತದೆ, ಅಂದರೆ ಭಾನುವಾರ ಯಾರ ಮನೆಯಲ್ಲಿ ಒಲೆ ಉರಿದಿಲ್ಲ ಅನ್ನುವುದು ಶಾಲೆಯಲ್ಲಿ ಗೊತ್ತಿರುವುದು ಅವರೊಬ್ಬರಿಗೇ. ಯಾರಿಗೆ ನೆಂಟಸ್ತನ ನೋಡುತ್ತಿದ್ದಾರೆ, ಯಾರು ಮುಂದಿನ ವಾರ ಗುಳೆ ಹೊರಡುತ್ತಾರೆ ಎನ್ನುವುದೂ ಮೊದಲು ತಿಳಿಯುವುದು ಅವರಿಗೆ. ಶಾಲಾಭಿವೃದ್ಧಿ ಸಮಿತಿ ಸಭೆಗೆ ಅವರನ್ನು ಕರೆಯುತ್ತಾರಾ? ಚಹಾ ತರಲಿಕ್ಕೆ ಕರೆಯುತ್ತಾರೆ.

ದುಡ್ಡಿಲ್ಲ ಎನ್ನುವ ಮಾತೂ ಈಗ ನಡೆಯುವುದಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲೇ ಕೂಡ್ಲಿಗಿ, ಹರಪನಹಳ್ಳಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿಟ್ಟಿತ್ತು. ಕಲಂ 371(ಜೆ) ಬಂತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ ಎಂದು ಹೆಸರಿಟ್ಟು ಶಿಕ್ಷಣಕ್ಕೆ ದುಡ್ಡು ತೆಗೆದಿಡುತ್ತಿದೆ. ಕೊಠಡಿ ಕಟ್ಟುತ್ತಾರೆ, ಬಣ್ಣ ಬಳಿಯುತ್ತಾರೆ, ಉದ್ಘಾಟನೆಗೆ ಕಲ್ಲು ನೆಡುತ್ತಾರೆ. ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ಮೂರು ವರ್ಷ ಅದೇ ಶಾಲೆಯಲ್ಲಿ ಉಳಿದ ಮೇಷ್ಟ್ರ ಮೇಲೆ ಶಾಸಕರ ಹೆಸರು ಕೆತ್ತಿಸಲಾಗದು, ಅದಕ್ಕೇ ದುಡ್ಡು ಆ ಕಡೆ ಹರಿಯುವುದಿಲ್ಲವೇನೋ. ಆ ದುಡ್ಡಿನಲ್ಲಿ ಒಂದು ಪಾಲು ತೆಗೆದು, ಈ ಐದು ತಾಲ್ಲೂಕುಗಳಲ್ಲಿ ಒಬ್ಬ ಅತಿಥಿ ಶಿಕ್ಷಕನಿಗೆ ಒಂದೇ ಶಾಲೆಯಲ್ಲಿ ಕನಿಷ್ಠ ಮೂರು ವರ್ಷ, ಹನ್ನೆರಡೂ ತಿಂಗಳ ಸಂಬಳ, ಶಾಲೆ ತೆರೆದ ದಿನವೇ ಕೈಗೆ ಆದೇಶ ಎಂದು ಮಾಡಿ. ಐದೂ ತಾಲ್ಲೂಕುಗಳ ಜನಪ್ರತಿನಿಧಿಗಳು ಸೇರಿ ಕೇಳಿದರೆ ಆಗದ ಕೆಲಸವೇನಲ್ಲ. ಜಿಲ್ಲೆ ಬದಲಿಸಿದವರಿಗೆ ಆದೇಶ ಬದಲಿಸುವುದು ದೊಡ್ಡದೇ?

ಪಂಚಾಯಿತಿಯವರಿಗೂ ಒಂದು ಮಾತು. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡುತ್ತೀರಿ. ಮಕ್ಕಳು ಶೌಚಾಲಯ ಇಲ್ಲ, ಬಸ್ಸು ಹೊತ್ತಿಗೆ ಬರಲ್ಲ, ಶಾಲೆ ಹತ್ತಿರ ಸಾರಾಯಿ ಮಾರುತ್ತಾರೆ ಎಂದು ಹೇಳುತ್ತಾರೆ. ಬಿಸ್ಕತ್ತು ಹಂಚಿ ಫೋಟೊ ತೆಗೆಸಿ ಕಳಿಸುತ್ತೀರಿ. ಮುಂದಿನ ವರ್ಷ ಅದೇ ಮಗು ಅದೇ ಪ್ರಶ್ನೆ ಕೇಳುತ್ತದೆ, ಅದರ ಮುಂದಿನ ವರ್ಷ ಕೇಳುವುದನ್ನು ಬಿಡುತ್ತದೆ. ದೊಡ್ಡವರನ್ನು ನಂಬಬಾರದು ಎನ್ನುವ ಪಾಠ ಅಷ್ಟು ಚೆನ್ನಾಗಿ ಯಾವ ಶಾಲೆಯೂ ಕಲಿಸುವುದಿಲ್ಲ.

ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದಲು ಹಂಗಾಮಿ ವಸತಿ ಕೇಂದ್ರ ತೆರೆಯುವ ಅವಕಾಶ ಸಮಗ್ರ ಶಿಕ್ಷಣದಲ್ಲಿದೆ. ಅದು ತೆರೆಯಬೇಕಾದ್ದು ಲಾರಿ ಹೊರಡುವ ಮುಂಚೆ, ಹೊರಟು ತಿಂಗಳಾದ ಮೇಲಲ್ಲ. ಮುಂಚೆ ತೆರೆಯಬೇಕಾದರೆ ಯಾವ ಮನೆಯಿಂದ ಯಾವ ಮಗು ಹೊರಡುತ್ತದೆ ಎಂದು ಮೊದಲೇ ಗೊತ್ತಿರಬೇಕು. ಅಂಕಿ ಬೇಡ, ಹೆಸರು ಬೇಕು. ಅಂಗನವಾಡಿ ಕಾರ್ಯಕರ್ತೆ, ಆಶಾ, ಬಿಸಿಯೂಟದ ಅವ್ವ, ಗ್ರಂಥಾಲಯದ ಮೇಲ್ವಿಚಾರಕ, ಇಷ್ಟು ಜನ ಒಂದು ಸಂಜೆ ಪಂಚಾಯಿತಿ ಕಟ್ಟೆಯ ಮೇಲೆ ಕೂತರೆ ಆ ಪಟ್ಟಿ ತಯಾರಾಗುತ್ತದೆ. ಪ್ರತಿ ಹೆಸರಿನ ಮುಂದೆ, ಆ ಮಗುವನ್ನು ವಾರಕ್ಕೊಮ್ಮೆಯಾದರೂ ಕಣ್ಣಿಂದ ನೋಡಿ ಮಾತಾಡಿಸುವ ಊರಿನ ಒಬ್ಬ ದೊಡ್ಡವರ ಹೆಸರು ಬರೆಯಿರಿ. ಖರ್ಚು ಒಂದು ನೋಟ್‌ಬುಕ್ಕು.

ಬರುವ ದೀಪಾವಳಿಗೆ ಹದಿನೈದು ದಿನ ಮುಂಚೆ ನಮ್ಮ ಗುಂಪಿನವರು ಐದೂ ತಾಲ್ಲೂಕುಗಳಲ್ಲಿ, ಗುಳೆ ಹೆಚ್ಚಿರುವ ಒಂದೊಂದು ಪಂಚಾಯಿತಿಗೆ ಹೋಗಿ ಆ ನೋಟ್‌ಬುಕ್ಕು ಕೇಳುತ್ತೇವೆ. ಇದ್ದರೆ ಪಂಚಾಯಿತಿಯ ಹೆಸರು ಹಾಕಿ ಇದೆ ಎಂದು ಇಲ್ಲೇ ಬರೆಯುತ್ತೇವೆ. ಇಲ್ಲದಿದ್ದರೂ ಹೆಸರು ಹಾಕಿಯೇ ಬರೆಯುತ್ತೇವೆ.